ಜೀವವಿಕಾಸದ ಪಾಠಕ್ಕೆ ಕೋಳಿ ಬಿಟ್ಟೆ

ಹಿರಿಯೂರು ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಅಂಗಳದಲ್ಲಿ ಮೊದಲ ಸಲ ಕೋಳಿ ಬಿಟ್ಟಾಗ ಸಿಬ್ಬಂದಿ ಕೊಠಡಿಯ ಕಿಟಕಿಯಲ್ಲಿ ನಾಲ್ಕು ಮುಖ ಕಾಣಿಸಿದ್ದವು, ನಾಲ್ಕೂ ನಗುತ್ತಿದ್ದವು. ಅದೇ ನಾಲ್ವರಲ್ಲಿ ಇಬ್ಬರು ಕಳೆದ ಡಿಸೆಂಬರಿನಲ್ಲಿ ಜೋಳಕ್ಕೆ ಬಣ್ಣ ಹಾಕುವುದು ಹೇಗೆಂದು ಕೇಳಿಕೊಂಡು ಬಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಗದದ ಚೂರುಗಳನ್ನು ಕೀಟಗಳೆಂದು ಹರಡಿ, ಮಕ್ಕಳಿಂದ ಹಕ್ಕಿಗಳಂತೆ ಚಿಮಟದಲ್ಲಿ ಹೆಕ್ಕಿಸಿ, ಎದ್ದು ಕಾಣುವ ಬಣ್ಣವೇ ಮೊದಲು ತೀರುವುದನ್ನು ತೋರಿಸುವ ಆಟವನ್ನು ನೀವೂ ಆಡಿಸಿರುತ್ತೀರಿ. ನಾನು ಮೂರು ವರ್ಷ ಆಡಿಸಿದೆ. ಗೆಲ್ಲುವ ಹುರುಪಿನಲ್ಲಿ ಮಕ್ಕಳು ಬಣ್ಣ ನೋಡದೆ ಬಾಚುತ್ತಾರೆ. ಜಾಣರು ಮೇಷ್ಟ್ರಿಗೆ ಯಾವ ಉತ್ತರ ಬೇಕೋ ಅದರಂತೆ ಆರಿಸುತ್ತಾರೆ. ಪರೀಕ್ಷೆಯಲ್ಲಿ ಮಾತ್ರ 'ಕೀಟವು ಪರಿಸರಕ್ಕೆ ತಕ್ಕಂತೆ ತನ್ನ ಬಣ್ಣವನ್ನು ಬದಲಿಸಿಕೊಂಡಿತು' ಎಂದೇ ತಪ್ಪು ಬರೆಯುತ್ತಾರೆ. ಕೋಳಿಗೆ ಮೇಷ್ಟ್ರ ಮುಲಾಜಿಲ್ಲ. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ಜೀವವಿಕಾಸ ಹೊರಬಿದ್ದ ಮೇಲೂ ಶನಿವಾರಗಳಂದು ನಾನು ಈ ಕೋಳಿಯಾಟವನ್ನು ನಡೆಸಿಕೊಂಡೇ ಬಂದಿದ್ದೇನೆ.

ಮೊದಲ ಸಲ ಬಿಳಿ ಜೋಳಕ್ಕೆ ಅರ್ಧ ಕುಂಕುಮ, ಅರ್ಧ ಮಸಿ ಬಳಿದೆ. ಕುಂಕುಮದ ಕಾಳನ್ನು ಕೋಳಿಗಳು ಕುಕ್ಕಿ ಉಗುಳಿದವು. ಮಸಿ ಮಣ್ಣಿಗೆ ಮೆತ್ತಿಕೊಂಡು ಕಾಳು ಮತ್ತೆ ಬೆಳ್ಳಗಾಯಿತು. ಎರಡನೇ ಸಲ ಕರೆಯದೆ ಬಂದ ಹುಂಜವೊಂದು ಸೇರಿಕೊಂಡು ಇನ್ನೂರು ಕಾಳೂ ಐದೇ ನಿಮಿಷದಲ್ಲಿ ಖಾಲಿ. ಅಳಿವಿನ ಪಾಠ ಅವತ್ತೇ ಮುಗಿಯಿತು. ಮೂರನೇ ಸಲ ನಾಯಿ ಕೋಳಿಯನ್ನೇ ಹೊತ್ತೊಯ್ದಿತು. ಕೋಳಿ ಬಿಸಿಯೂಟದ ಅಡುಗೆಯಮ್ಮನವರದು. ಆರುನೂರು ರೂಪಾಯಿ ಎಣಿಸಿಕೊಟ್ಟೆ. ತಾಡಪಾಲು, ಜರಡಿ, ಬಣ್ಣ, ಐದಾರು ಕೆಜಿ ಜೋಳ ಎಲ್ಲ ಸೇರಿ ಆ ವರ್ಷ ಕೈಯಿಂದ ಎರಡು ಸಾವಿರದ ಹತ್ತಿರ ಹೋಯಿತು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಹಾಸಿದ್ದ ತಾಡಪಾಲು ನೋಡಿ, "ಏನು ಮೇಷ್ಟ್ರೇ, ಹಪ್ಪಳ ಒಣಹಾಕುತ್ತೀರಾ?" ಎಂದರು.

ಈಗ ಮಾಡುವುದು ಹೀಗೆ. ಒಣಗಿದ ಎರೆಮಣ್ಣನ್ನು ಎರಡು ಬೆರಳು ದಪ್ಪ ಹರಡುತ್ತೇನೆ. ಆಮೇಲೆ ಕಾಳು ಸೋಸುವ ಜರಡಿಯಲ್ಲೇ ಈ ಮಣ್ಣನ್ನೂ ಮೊದಲು ಸೋಸಿರಬೇಕು; ಇಲ್ಲದಿದ್ದರೆ ಹೇಂಟೆ ಮೇಯಿಸಲು ಹೋಗಿ ಹೆಂಟೆ ಆರಿಸುತ್ತ ಕೂರಬೇಕಾಗುತ್ತದೆ. ಕೆಂಪು ಕಾಳು 100, ಕಪ್ಪು 100. ಬಣ್ಣ ಸಿಹಿತಿಂಡಿಗೆ ಹಾಕುವಂಥದ್ದೇ. ಅದರ ವಾಸನೆ ಕಳೆಯಲು ನಾನು ಮಾಡುವ ಒಂದು ಕೆಲಸವಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ. ಮೂರು ಹೇಂಟೆ ಸಾಕು. ಅವಕ್ಕೆ ಬೆಳಿಗ್ಗೆ ಸ್ವಲ್ಪ ತಿನ್ನಿಸಿರಬೇಕು, ತೀರಾ ಹಸಿದ ಕೋಳಿ ಬಣ್ಣ ನೋಡುವುದಿಲ್ಲ. ಅರ್ಧದಷ್ಟು ತಿಂದವೆನ್ನಿಸಿದಾಗ ಓಡಿಸಿ, ಸೋಸಿ, ಎಣಿಸಿ, ಉಳಿದ ಪ್ರತಿ ಕಾಳಿಗೂ ಅದೇ ಬಣ್ಣದ ಒಂದು ಮರಿ ಸೇರಿಸಿ ಮತ್ತೆ ಚೆಲ್ಲುತ್ತೇನೆ. ಒಂದು ಶನಿವಾರಕ್ಕೆ ಒಂದು ಪೀಳಿಗೆ.

ಮೊದಲ ಸುತ್ತಿಗೇ ಕಪ್ಪು 120ರ ಆಸುಪಾಸಿಗೆ ಬಂತು. ಐದನೇ ಪೀಳಿಗೆಗೆ ಕಪ್ಪು 170 ಮುಟ್ಟಿತ್ತು, ಕೆಂಪು ಮೂವತ್ತೋ ಏನೋ. ಗೋಡೆಯ ಮೇಲೆ ಬರೆದಿದ್ದ ಲೆಕ್ಕ ನೋಡುತ್ತಿದ್ದ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಒಂದು ಕಾಳೂ ಬಣ್ಣ ಬದಲಿಸಲಿಲ್ಲವಲ್ಲ" ಎಂದಳು. ಮೂರು ವರ್ಷ ಕೆಂಪು ಗೆರೆ ಎಳೆದರೂ ಆಗದ ಕೆಲಸ ಆಗಿತ್ತು. ಆ ಸಲದ ಕಿರುಪರೀಕ್ಷೆಯಲ್ಲಿ ಆ ಹಳೆಯ ವಾಕ್ಯ ಬರೆದವರು ಇಬ್ಬರೋ ಮೂವರೋ.

ಮಣ್ಣು ಬದಲಿಸಿದರೂ ಹೀಗೇ ಆಗುತ್ತದೆಯೇ ಎಂದು ಮಕ್ಕಳು ಹಟ ಹಿಡಿದರು. ಹೊಸದುರ್ಗದ ಕಡೆಯಿಂದ ಎರಡು ಚೀಲ ಕೆಂಪು ಮಣ್ಣನ್ನು ಬಸ್ಸಿನಲ್ಲಿ ತಂದೆ, ಲಗೇಜಿಗೆ ನಲವತ್ತು ರೂಪಾಯಿ. ಅಲ್ಲಿ ಕೆಂಪು ಗೆದ್ದಿತು. ಇನ್ನೊಂದು ವಿಚಿತ್ರವೂ ಕಂಡಿತು: ಎರೆಮಣ್ಣಿನಲ್ಲಿ ಕೆಂಪು ಇಪ್ಪತ್ತೈದರ ಹತ್ತಿರ ಬಂದ ಮೇಲೆ ಇಳಿಯಲೊಲ್ಲದು. ಹೆಚ್ಚು ಸಿಗುವುದರ ಮೇಲೆಯೇ ಕೋಳಿಗೆ ಕಣ್ಣು ಪಳಗುವುದರಿಂದ ಅಪರೂಪದ್ದು ಬಚಾವಾಗುತ್ತದೆ. ಹೊಸ ಬಣ್ಣ ತಾನಾಗಿ ಹುಟ್ಟುವುದು ಈ ಆಟದಲ್ಲಿಲ್ಲ. ಆ ಕೊರತೆಗೆ ಮೂರನೇ ಪೀಳಿಗೆಯಲ್ಲಿ ಯಾರಿಗೂ ಹೇಳದೆ ಎರಡು ಕಂದು ಕಾಳು ಎಸೆಯುತ್ತೇನೆ.

ಕೋಟೆಗೆ ಪ್ರವಾಸ ಹೋದಾಗ ಈ ಪಾಠವೇ ನನಗೆ ತಿರುಗಿ ಬಡಿಯಿತು. ಬಂಡೆಯ ಮೇಲಿನ ಹೆಣ್ಣು ಓತಿಕ್ಯಾತ ಬಂಡೆಯದೇ ಬಣ್ಣ, ಕಣ್ಣಿಗೇ ಬೀಳದು. ಸಂತಾನದ ಕಾಲದ ಗಂಡು ಮಾತ್ರ ಕೆಂಪು ಬೆನ್ನು, ಕಪ್ಪು ಪಕ್ಕೆ. "ಗಿಡುಗನಿಗೆ ಕಾಣುವುದಿಲ್ಲವೇ ಸಾರ್?" ಕಾಣುತ್ತದೆ, ಆದರೆ ಹೆಣ್ಣಿಗೂ ಕಾಣಬೇಕಲ್ಲ. 1871ರಲ್ಲಿ ಡಾರ್ವಿನ್ ಲೈಂಗಿಕ ಆಯ್ಕೆಯ, ಅಂದರೆ ಸಂಗಾತಿ ಮೆಚ್ಚಿದ ಗುಣವೇ ಮುಂದುವರಿಯುವುದರ, ಬಗ್ಗೆ ಅಷ್ಟೊಂದು ಪುಟ ಬರೆದದ್ದು ಇಂಥ ಪ್ರಶ್ನೆಗೇ.

ಪೋಷಕರ ಸಭೆಯಲ್ಲಿ ಹತ್ತಿ ಬೆಳೆಯುವ ತಂದೆಯೊಬ್ಬರು, "ಕೋಳಿ ಜೋಳ ತಿಂದದ್ದು ಸರಿ ಮೇಷ್ಟ್ರೇ, ನಿಜದಲ್ಲಿ ಎಲ್ಲಿ ನಡೆದಿದೆ?" ಎಂದರು. ಪೆಸಿಫಿಕ್ ಸಾಗರದ ಗ್ಯಾಲಪಗಸ್‌ ದ್ವೀಪಸಮೂಹದ ಡಾಫ್ನೆ ಮೇಜರ್ ದ್ವೀಪದ ಬರದ ಕತೆ ಹೇಳಿದೆ. 1977ರಲ್ಲಿ ಮಳೆ ಕೈಕೊಟ್ಟು ಮೆತ್ತನೆಯ ಸಣ್ಣ ಬೀಜ ತೀರಿದಾಗ, ಗಟ್ಟಿ ಬೀಜ ಒಡೆಯುವ ದಪ್ಪ ಕೊಕ್ಕಿನ ಫಿಂಚ್ ಎಂಬ ಪುಟ್ಟ ಹಕ್ಕಿಗಳೇ ಹೆಚ್ಚು ಉಳಿದವು, ಅವುಗಳ ಮರಿಗಳ ಕೊಕ್ಕೂ ದಪ್ಪ. ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ ಹಕ್ಕಿ ಹಿಡಿದು ಅಳೆದು ಬರೆದಿಟ್ಟ ಲೆಕ್ಕವಿದು. 1983ರ ಭಾರಿ ಮಳೆಯ ನಂತರ ಸಣ್ಣ ಬೀಜ ತುಂಬಿ ಗಾಳಿ ತಿರುಗಿತು, ಸಣ್ಣ ಕೊಕ್ಕಿಗೆ ಕಾಲ ಬಂತು. ಆ ತಂದೆ ತಲೆಯಾಡಿಸಿದರೇ ಹೊರತು ಒಪ್ಪಿದಂತೆ ಕಾಣಲಿಲ್ಲ. ಆಗ ಅವರ ಮಗಳೇ, "ಅಪ್ಪಾ, ನಮ್ಮ ಹೊಲದ ಗುಲಾಬಿ ಕಾಯಿಕೊರಕ" ಎಂದಳು. 2002ರಲ್ಲಿ, ಕಾಯಿಕೊರಕಕ್ಕೆ ವಿಷವಾಗುವ ಪ್ರೋಟೀನನ್ನು ತಾನೇ ತಯಾರಿಸುವ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೊದಲ ವರ್ಷಗಳಲ್ಲಿ ಸಾಯುತ್ತಿದ್ದ ಹುಳು ಈಗ ಅದೇ ಕಾಯಿಯೊಳಗೆ ಕೂತು ಮೇಯುತ್ತಿದೆ. ಹುಳು ವಿಷ ತಿಂದು ಗಟ್ಟಿಯಾಯಿತೆಂದು ಅವರು, ಗಟ್ಟಿ ಇದ್ದವೇ ಉಳಿದು ಮರಿ ಹಾಕಿದವೆಂದು ಅವಳು. ಮನೆಗೆ ಹೋಗುವವರೆಗೂ ಅಪ್ಪ ಮಗಳ ವಾದ ನಡೆದೇ ಇತ್ತಂತೆ.

ಈ ವರ್ಷ ಅಡುಗೆಯಮ್ಮ ಕೋಳಿ ಬಾಡಿಗೆಯನ್ನು ಶನಿವಾರಕ್ಕೆ ಐವತ್ತು ರೂಪಾಯಿ ಮಾಡಿದ್ದಾರೆ. ನಾಯಿಯ ಜವಾಬ್ದಾರಿ ನನ್ನದೇ.