ಡಿಸ್ನಿ ವರ್ಲ್ಡ್ ಪ್ರವಾಸ: ಊಟದ ಹಣವನ್ನು ಮೊದಲೇ ಕಟ್ಟಬೇಕೆ?

ಫ್ಲಾರಿಡಾದ ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನ ಹೋಟೆಲುಗಳಲ್ಲಿ ಕೊಠಡಿಯನ್ನೂ ಪಾರ್ಕಿನ ಟಿಕೆಟನ್ನೂ ಪ್ಯಾಕೇಜಾಗಿ ಕಾಯ್ದಿರಿಸುವವರಿಗೆ ಊಟದ ಹಣವನ್ನೂ ಮುಂಗಡವಾಗಿ ಕಟ್ಟಿಬಿಡುವ ಅವಕಾಶವಿದೆ. ಡಿಸ್ನಿ ಡೈನಿಂಗ್ ಪ್ಲಾನ್ ಎಂಬ ಈ ಯೋಜನೆ ಕೋವಿಡ್ ಕಾಲದಲ್ಲಿ ನಿಂತುಹೋಗಿ, 2024ರ ಜನವರಿ 9ರಿಂದ ಮತ್ತೆ ಆರಂಭವಾಯಿತು. ಅಮೆರಿಕದಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ಊರಿನಿಂದ ಬಂದ ತಂದೆತಾಯಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಇಲ್ಲಿಗೆ ಹೋಗುತ್ತವೆ. ಬುಕಿಂಗ್ ಮುಗಿಸುವ ಮುನ್ನ ಈ ಯೋಜನೆಯನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾಗುತ್ತದೆ. ನನ್ನ ತೀರ್ಮಾನವನ್ನು ಮೊದಲೇ ತಿಳಿಸುತ್ತೇನೆ. ಮದ್ಯ ಸೇವಿಸದ, ಸಸ್ಯಾಹಾರಿಗಳಾದ ವಯಸ್ಕರಿಗೆ ಈ ಯೋಜನೆಯಿಂದ ಸಾಮಾನ್ಯವಾಗಿ ನಷ್ಟವೇ ಆಗುತ್ತದೆ, ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಲಾಭವಾಗುವ ಸಾಧ್ಯತೆ ಹೆಚ್ಚು, ಮತ್ತು ನಿಮ್ಮ ಕುಟುಂಬ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಸಂಜೆ ಕಾಗದ ಪೆನ್ನು ಹಿಡಿದು ಕುಳಿತರೆ ನೀವೇ ಕಂಡುಕೊಳ್ಳಬಹುದು.

ಮೊದಲಿಗೆ ಯೋಜನೆಯ ರೀತಿಯನ್ನು ತಿಳಿದುಕೊಳ್ಳೋಣ. 2024ರಲ್ಲಿ ಮರಳಿ ಬಂದಾಗ ಇದರಲ್ಲಿ ಎರಡು ಬಗೆಗಳಿದ್ದವು. ಕ್ವಿಕ್ ಸರ್ವಿಸ್ ಬಗೆಯಲ್ಲಿ ಪ್ರತಿಯೊಬ್ಬರಿಗೂ ತಂಗುವ ಪ್ರತಿ ರಾತ್ರಿಗೆ ಕೌಂಟರ್‌ನಲ್ಲಿ ಪಡೆಯುವ ಎರಡು ಊಟ ಮತ್ತು ಒಂದು ತಿಂಡಿ ಅಥವಾ ಪಾನೀಯ ಸಿಗುತ್ತವೆ. ಇದಕ್ಕೆ ಹತ್ತು ವರ್ಷ ಮತ್ತು ಮೇಲ್ಪಟ್ಟವರಿಗೆ ರಾತ್ರಿಗೆ 57.01 ಡಾಲರ್, 3ರಿಂದ 9 ವರ್ಷದ ಮಕ್ಕಳಿಗೆ 23.83 ಡಾಲರ್ ಇತ್ತು. ಡಿಸ್ನಿ ಡೈನಿಂಗ್ ಪ್ಲಾನ್ ಎಂಬ ಅದೇ ಹೆಸರಿನ ಎರಡನೆಯ ಬಗೆಯಲ್ಲಿ ಒಂದು ಕೌಂಟರ್ ಊಟ, ಮೇಜಿಗೆ ತಂದು ಬಡಿಸುವ ಒಂದು ಟೇಬಲ್ ಸರ್ವಿಸ್ ಊಟ ಮತ್ತು ಒಂದು ತಿಂಡಿ. ದರ ವಯಸ್ಕರಿಗೆ 94.28, ಮಕ್ಕಳಿಗೆ 29.69 ಡಾಲರ್. ಎರಡರಲ್ಲೂ ತಲೆಗೊಂದು ಮಗ್ ಕೊಡುತ್ತಾರೆ; ಅದನ್ನು ಹೋಟೆಲಿನ ಆವರಣದಲ್ಲಿ ಎಷ್ಟು ಸಲ ಬೇಕಾದರೂ ತುಂಬಿಸಿಕೊಳ್ಳಬಹುದು, ಪಾರ್ಕಿನೊಳಗೆ ಅದಕ್ಕೆ ಅವಕಾಶವಿಲ್ಲ. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಕೆಲವೊಮ್ಮೆ ನಿಯಮವೂ ಬದಲಾಗುತ್ತದೆ. 2026ರ ಪ್ರವಾಸಗಳಿಗೆ ವಯಸ್ಕರು ಯೋಜನೆ ಕೊಂಡರೆ 3ರಿಂದ 9 ವರ್ಷದ ಮಕ್ಕಳಿಗೆ ಅದು ಉಚಿತವೆಂದು ಡಿಸ್ನಿ ಘೋಷಿಸಿತು. ಆದ್ದರಿಂದ ಮುಂದಿನ ಲೆಕ್ಕದಲ್ಲಿ ನಾನು ಬಳಸಿರುವ 2024ರ ಅಂಕಿಗಳ ಜಾಗದಲ್ಲಿ ನೀವು ಹೋಗುವ ವರ್ಷದ ಅಂಕಿಗಳನ್ನು ಇಟ್ಟುಕೊಳ್ಳಬೇಕು.

ಊಟಗಳನ್ನು ಇಲ್ಲಿ ಕ್ರೆಡಿಟ್‌ಗಳ ಲೆಕ್ಕದಲ್ಲಿ ಕೊಡುತ್ತಾರೆ, ಕ್ರೆಡಿಟ್ ಎಂದರೆ ಒಂದು ಊಟಕ್ಕೋ ಒಂದು ತಿಂಡಿಗೋ ಸಲ್ಲುವ ಚೀಟಿಯಿದ್ದಂತೆ. ಐದು ರಾತ್ರಿ ತಂಗುವುದಾದರೆ ಅಷ್ಟೂ ರಾತ್ರಿಗಳ ಎಲ್ಲ ಕ್ರೆಡಿಟ್‌ಗಳೂ ಹೋಟೆಲಿಗೆ ಬಂದ ದಿನವೇ ಕುಟುಂಬದ ಖಾತೆಗೆ ಸೇರುತ್ತವೆ. ಒಂದು ದಿನ ಹೆಚ್ಚು, ಇನ್ನೊಂದು ದಿನ ಕಡಿಮೆ ಬಳಸಬಹುದು. ಕೊಠಡಿ ಬಿಡುವ ದಿನದ ಮಧ್ಯರಾತ್ರಿಗೆ ಉಳಿದದ್ದೆಲ್ಲ ರದ್ದಾಗುತ್ತದೆ, ಅದರ ಹಣ ವಾಪಸ್ ಬರುವುದಿಲ್ಲ. ಎರಡು ಷರತ್ತುಗಳು ಬಹಳ ಮುಖ್ಯ. ಒಂದೇ ಬುಕಿಂಗ್‌ನಲ್ಲಿರುವ, ಮೂರು ವರ್ಷ ತುಂಬಿದ ಎಲ್ಲರಿಗೂ ಒಂದೇ ಬಗೆಯ ಯೋಜನೆಯನ್ನು ಕೊಳ್ಳಲೇಬೇಕು, ಯಾರನ್ನೂ ಹೊರಗಿಡುವಂತಿಲ್ಲ. ಮತ್ತು ಹತ್ತು ವರ್ಷ ತುಂಬಿದ ಮಗು ಈ ಲೆಕ್ಕದಲ್ಲಿ ವಯಸ್ಕ. ಐದನೆಯ ತರಗತಿಯ ಹುಡುಗನಿಗೂ ಅವನ ತಂದೆಗೂ ಒಂದೇ ದರ ಎಂಬುದು ಒಟ್ಟು ಮೊತ್ತವನ್ನು ಹೇಗೆ ಏರಿಸುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

ಲೆಕ್ಕವನ್ನು ಯೋಜನೆಯಿಂದ ಆರಂಭಿಸಬಾರದು. ಇಷ್ಟು ಊಟ, ಇಷ್ಟು ತಿಂಡಿ ಸಿಗುತ್ತದೆ ಎಂಬ ಪಟ್ಟಿಯನ್ನು ಮುಂದಿಟ್ಟುಕೊಂಡು ಅದರಲ್ಲಿ ಅತ್ಯಂತ ದುಬಾರಿ ಪದಾರ್ಥಗಳ ಬೆಲೆಯನ್ನು ಕೂಡಿದರೆ ಯೋಜನೆ ಯಾವಾಗಲೂ ಗೆಲ್ಲುತ್ತದೆ, ಆದರೆ ಕೈಯಿಂದ ಹಣ ಕೊಡಬೇಕಾಗಿದ್ದರೆ ಆ ಪದಾರ್ಥಗಳಲ್ಲಿ ಅರ್ಧವನ್ನೂ ನೀವು ಕೊಳ್ಳುತ್ತಿರಲಿಲ್ಲ. ಯೋಜನೆ ಎಂಬುದೊಂದು ಇಲ್ಲವೇ ಇಲ್ಲ ಎಂದುಕೊಂಡು, ನಿಮ್ಮ ಮನೆಯವರು ಆ ದಿನಗಳಲ್ಲಿ ನಿಜವಾಗಿ ಏನು ತಿನ್ನುತ್ತಾರೆ ಎಂಬುದನ್ನು ಮೊದಲು ಬರೆಯಿರಿ. ಬೆಳಿಗ್ಗೆ ಕೊಠಡಿಯಲ್ಲೇ ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟೋ ಅವಲಕ್ಕಿಯೋ ಸಾಕೆನ್ನುವವರಿದ್ದರೆ ಅದನ್ನೇ ಬರೆಯಿರಿ. ಮಧ್ಯಾಹ್ನ ಒಂದು ತಟ್ಟೆಯನ್ನು ಇಬ್ಬರು ಹಂಚಿಕೊಳ್ಳುವ ರೂಢಿಯಿದ್ದರೆ ಅದನ್ನೂ ಬರೆಯಿರಿ. ಅನಂತರ ಡಿಸ್ನಿಯ ಜಾಲತಾಣದಲ್ಲಿ ಪ್ರತಿ ಹೋಟೆಲಿನ ಮೆನುವೂ ಬೆಲೆಸಹಿತ ಸಿಗುವುದರಿಂದ, ಬರೆದ ಪ್ರತಿಯೊಂದರ ಎದುರು ಅದರ ನಿಜವಾದ ಬೆಲೆಯನ್ನು ಹಾಕಿ. ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಸುಮಾರು 6.5 ಶೇಕಡ ಕೂಡಿಸಿಕೊಳ್ಳಬೇಕು. ಮೇಲೆ ಹೇಳಿದ ಯೋಜನೆಯ ದರದಲ್ಲಿ ತೆರಿಗೆ ಸೇರಿದೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಎರಡು ದಾರಿಯಲ್ಲೂ ತಗಲುವುದರಿಂದ ಭಾರತದಿಂದ ಹೋಗುವವರು ಅದನ್ನು ಈ ಹೋಲಿಕೆಯಿಂದ ಬಿಟ್ಟುಬಿಡಬಹುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಂದೆ, ತಾಯಿ, ಹನ್ನೆರಡು ವರ್ಷದ ಮಗಳು, ಆರು ವರ್ಷದ ಮಗ. ಐದು ರಾತ್ರಿಗಳ ವಾಸ. ಕ್ವಿಕ್ ಸರ್ವಿಸ್ ಬಗೆಗೆ ವಯಸ್ಕರ ದರದ ಮೂವರಿಗೆ 855.15 ಮತ್ತು ಮಗುವಿಗೆ 119.15, ಒಟ್ಟು 974.30 ಡಾಲರ್. ಎರಡನೆಯ ಬಗೆಗೆ ಕ್ರಮವಾಗಿ 1414.20 ಮತ್ತು 148.45, ಒಟ್ಟು 1562.65 ಡಾಲರ್. ಈಗ ಇವರಲ್ಲಿ ವಯಸ್ಕರ ದರದ ಒಬ್ಬರ ಒಂದು ದಿನವನ್ನು ಕೈಯಿಂದ ಹಣ ಕೊಡುವ ಲೆಕ್ಕದಲ್ಲಿ ನೋಡೋಣ. ಕೌಂಟರ್‌ನಲ್ಲಿ ಒಂದು ಸಸ್ಯಾಹಾರಿ ಊಟಕ್ಕೆ 14 ಡಾಲರ್, ತಂಪು ಪಾನೀಯಕ್ಕೆ ನಾಲ್ಕೂವರೆ, ತಿಂಡಿಗೆ 7 ಎಂದು ಊಹಿಸಿಕೊಂಡರೆ, ಎರಡು ಊಟ, ಎರಡು ಪಾನೀಯ, ಒಂದು ತಿಂಡಿಗೆ ತೆರಿಗೆ ಸೇರಿ ಸುಮಾರು 47 ಡಾಲರ್ ಆಗುತ್ತದೆ. ಇದೇ 57 ಡಾಲರಿಗಿಂತ ಕಡಿಮೆ. ಆದರೆ ನಮ್ಮ ಮನೆಗಳಲ್ಲಿ ಊಟದ ಜೊತೆ ಹೆಚ್ಚಿನವರು ಕುಡಿಯುವುದು ನೀರನ್ನು, ಮತ್ತು ಪಾರ್ಕಿನ ಕೌಂಟರ್‌ಗಳಲ್ಲಿ ಕೇಳಿದರೆ ಮಂಜುಗಡ್ಡೆ ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ಪಾನೀಯವನ್ನು ತೆಗೆದರೆ ಖರ್ಚು 37.28ಕ್ಕೆ ಇಳಿಯುತ್ತದೆ. ಅಲ್ಲಿಗೆ ಒಬ್ಬರಿಗೆ ರಾತ್ರಿಯೊಂದಕ್ಕೆ 19.73 ಡಾಲರ್ ವ್ಯತ್ಯಾಸ. ಮೂವರಿಗೆ ಐದು ರಾತ್ರಿಗಳಲ್ಲಿ ಸುಮಾರು 296 ಡಾಲರ್. ಇದರಲ್ಲಿ ಮಗ್‌ನ ಬೆಲೆಯನ್ನು ಕಳೆಯಬೇಕೆನಿಸಿದರೆ ಕಳೆಯಿರಿ, ಆದರೆ ಬೆಳಗಿನಿಂದ ರಾತ್ರಿಯವರೆಗೆ ಪಾರ್ಕಿನಲ್ಲೇ ಇರುವವರು ಹೋಟೆಲಿನ ಮಗ್ ಅನ್ನು ಎಷ್ಟು ಸಲ ತುಂಬಿಸಿಕೊಳ್ಳುತ್ತಾರೆ ಎಂಬುದನ್ನೂ ಯೋಚಿಸಿ.

ಈ ವ್ಯತ್ಯಾಸಕ್ಕೆ ಕಾರಣವಿದೆ. ಯೋಜನೆಯ ಪ್ರತಿ ಊಟದಲ್ಲೂ ಒಂದು ಪಾನೀಯ ಸೇರಿದೆ, ಮತ್ತು 21 ವರ್ಷ ತುಂಬಿದವರು ಅದರ ಬದಲಿಗೆ ಬಿಯರ್, ವೈನ್ ಅಥವಾ ಕಾಕ್‌ಟೇಲ್ ತೆಗೆದುಕೊಳ್ಳಬಹುದು. ಮಾಂಸದ ದೊಡ್ಡ ತಟ್ಟೆಗೂ ಸೊಪ್ಪು ತರಕಾರಿಯ ಬೋಗುಣಿಗೂ ಹೋಗುವುದು ಒಂದೇ ಕ್ರೆಡಿಟ್. ಎಲ್ಲರಿಗೂ ಒಂದೇ ದರವಿರುವುದರಿಂದ ಸ್ಟೇಕ್ ಮತ್ತು ಕಾಕ್‌ಟೇಲ್ ಆರಿಸಿಕೊಳ್ಳುವವರಿಗೆ ಉಳಿತಾಯವಾಗುತ್ತದೆ, ತೋಫು ಮತ್ತು ನೀರನ್ನು ಆರಿಸಿಕೊಳ್ಳುವವರು ಹೆಚ್ಚಿಗೆ ಕೊಟ್ಟಂತಾಗುತ್ತದೆ. ಮದ್ಯ ಸೇವಿಸದವರು ಮಿಲ್ಕ್‌ಶೇಕ್, ಸ್ಮೂದಿಯಂಥ ದುಬಾರಿ ಪಾನೀಯಗಳನ್ನು ಪಡೆಯಬಹುದಾದರೂ, ದಿನಕ್ಕೆರಡು ಸಲ ಅಂಥದ್ದನ್ನು ನಿಜವಾಗಿ ಬಯಸುವವರು ಮಾತ್ರ ಅದನ್ನು ಉಳಿತಾಯವೆಂದು ಎಣಿಸಬಹುದು.

ಟೇಬಲ್ ಸರ್ವಿಸ್ ಇರುವ ಬಗೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಅಲ್ಲಿನ ಹೋಟೆಲುಗಳಲ್ಲಿ ಕೆಲವು ಪದಾರ್ಥವೊಂದಕ್ಕೆ ಇಂತಿಷ್ಟು ಎಂದು ಬೆಲೆ ಹಾಕುತ್ತವೆ, ಇನ್ನು ಕೆಲವು ತಲೆಗಿಷ್ಟು ಎಂದು ಒಂದೇ ದರ ವಿಧಿಸುತ್ತವೆ. ಪದಾರ್ಥಕ್ಕೆ ಬೆಲೆಯಿರುವ ಕಡೆ ಸಸ್ಯಾಹಾರದ ತಟ್ಟೆ ಅಗ್ಗವಾದ್ದರಿಂದ ಕೈಯಿಂದ ಕೊಡುವುದೇ ಮೇಲು. ತಲೆಗಿಷ್ಟು ಎಂಬ ದರವಿರುವ ಕಡೆ ನೀವು ಅನ್ನ ಪಲ್ಯ ತಿಂದರೂ ಪಕ್ಕದವರು ಮಾಂಸ ತಿಂದರೂ ಬಿಲ್ಲು ಒಂದೇ, ಹಾಗಾಗಿ ಯೋಜನೆಯಲ್ಲಿ ಸಸ್ಯಾಹಾರಿಗಳಿಗೆ ಪ್ರತ್ಯೇಕ ನಷ್ಟವೇನೂ ಇಲ್ಲ. ಮಿಕ್ಕಿ ಮೌಸ್ ಮತ್ತು ಗೆಳೆಯರು ಮೇಜಿನ ಬಳಿಗೇ ಬಂದು ಮಕ್ಕಳನ್ನು ಮಾತನಾಡಿಸುವ ಕ್ಯಾರೆಕ್ಟರ್ ಊಟಗಳು ಬಹುಮಟ್ಟಿಗೆ ಈ ಎರಡನೆಯ ಗುಂಪಿನವು. ಕಂಟೆಂಪರರಿ ಹೋಟೆಲಿನಲ್ಲಿರುವ ಶೆಫ್ ಮಿಕ್ಕೀಸ್‌ನಲ್ಲಿ ಮಗುವಿನ ಒಂದು ರಾತ್ರಿಯೂಟದ ದರವೇ ಯೋಜನೆಯಲ್ಲಿ ಮಗುವಿಗೆ ಕೊಡುವ ಇಡೀ ದಿನದ ದರವನ್ನು ಮೀರುತ್ತದೆ. ಆರು ವರ್ಷದ ಮಗನಿಗೆ ಯೋಜನೆ ಲಾಭವಾಗುವುದು ಇಲ್ಲಿಯೇ. ವಯಸ್ಕರ ಮಟ್ಟಿಗೆ ಇಂಥ ಊಟವಿರುವ ದಿನ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ, ಇಲ್ಲದ ದಿನ ನಷ್ಟವಾಗುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಯೇನೆಂದರೆ, ಐದು ದಿನಗಳಲ್ಲಿ ನಾಲ್ಕು ಅಥವಾ ಐದು ಸಲ ಇಂಥ ಊಟಕ್ಕೆ ಕೂರುವ ಆಸೆ ನಿಮಗಿದೆಯೇ? ಪ್ರತಿಯೊಂದಕ್ಕೂ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತು ಪಾರ್ಕಿನ ಸಮಯದಿಂದ ಕಳೆದುಹೋಗುತ್ತದೆ. ಪ್ರವಾಸದಲ್ಲಿ ಒಂದೋ ಎರಡೋ ಇಂಥ ಊಟ ಸಾಕೆನ್ನುವವರು ಅವಕ್ಕೆ ಕೈಯಿಂದಲೇ ಹಣ ಕೊಡುವುದು ಒಳ್ಳೆಯದು. ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನ ಕೋಟೆಯೊಳಗಿರುವ ಸಿಂಡರೆಲಾಸ್ ರಾಯಲ್ ಟೇಬಲ್‌ನಂಥ ಕಡೆ ಒಬ್ಬೊಬ್ಬರಿಗೆ ಎರಡು ಕ್ರೆಡಿಟ್ ಖರ್ಚಾಗುತ್ತದೆ ಎಂಬುದನ್ನೂ ಎಣಿಸಿಕೊಳ್ಳಬೇಕು.

ಟಿಪ್ಸ್ ಯೋಜನೆಯಲ್ಲಿ ಸೇರಿಲ್ಲ. ಮೇಜಿಗೆ ಬಡಿಸುವ ಕಡೆ ಊಟದ ಪೂರ್ಣ ಬೆಲೆಯ ಮೇಲೆ ಶೇಕಡ 18ರಿಂದ 20ರಷ್ಟು ಕೊಡುವುದು ಅಮೆರಿಕದ ರೂಢಿ, ಮತ್ತು ಅಲ್ಲಿ ದುಡಿಯುವವರ ಸಂಪಾದನೆ ಇದನ್ನೇ ಬಹಳವಾಗಿ ಅವಲಂಬಿಸಿದೆ. ಇನ್ನೂರು ಡಾಲರಿನ ಊಟಕ್ಕೆ ಕನಿಷ್ಠ 36 ಡಾಲರ್ ಬೇರೆಯಾಗಿ ಎತ್ತಿಡಬೇಕು. ಸ್ಟಾರ್ಟರ್‌ಗಳೂ ಯೋಜನೆಯ ಹೊರಗೆ. ಅನಿಮಲ್ ಕಿಂಗ್ಡಮ್ ಲಾಡ್ಜ್‌ನ ಸನಾ ಎಂಬ ಹೋಟೆಲಿನಲ್ಲಿ ಆಫ್ರಿಕದ ಅಡುಗೆಗೆ ಭಾರತದ ಮಸಾಲೆಯ ಘಮ ಸೇರಿರುತ್ತದೆ, ಅಲ್ಲಿ ನಾನ್‌ನಂಥ ರೊಟ್ಟಿಗಳನ್ನು ಹಲವು ಚಟ್ನಿಗಳೊಂದಿಗೆ ಕೊಡುತ್ತಾರೆ. ದಿನಗಟ್ಟಲೆ ಬರ್ಗರ್ ನೋಡಿ ಬೇಸತ್ತ ಹಿರಿಯರಿಗೆ ಇಷ್ಟವಾಗುವ ತಾಣವದು. ಯೋಜನೆ ಕೊಂಡವರು ಆ ರೊಟ್ಟಿಗಳನ್ನು ಊಟವಾಗಿ ಎಣಿಸುತ್ತಾರೋ ಸ್ಟಾರ್ಟರ್ ಆಗಿ ಎಣಿಸುತ್ತಾರೋ ಎಂದು ಆರ್ಡರ್ ಮಾಡುವ ಮುನ್ನ ಕೇಳಿಕೊಳ್ಳಬೇಕು.

ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಲೆಕ್ಕ ಇನ್ನಷ್ಟು ವಾಲುತ್ತದೆ. ಎಪ್ಪತ್ತರ ಹಿರಿಯರು ಬಿಸಿಲಿನಲ್ಲಿ ನಡೆದು ಸುಸ್ತಾದ ಮೇಲೆ ಒಂದು ಹಣ್ಣು, ಒಂದಿಷ್ಟು ಮೊಸರನ್ನ ಸಿಕ್ಕರೆ ಸಾಕೆನ್ನುತ್ತಾರೆ. ಹೊರಗಿನ ಅಡುಗೆಯಲ್ಲಿ ಮೊಟ್ಟೆ ಸೇರಿದೆಯೋ ಎಂಬ ಅನುಮಾನಕ್ಕೆ ಅದನ್ನು ಮುಟ್ಟದವರೂ ಉಂಟು. ಅಂಥವರಿಬ್ಬರಿಗೆ ರಾತ್ರಿಗೆ 57 ಡಾಲರಿನಂತೆ ಕಟ್ಟುವುದು ಸರಿಯಾದ ಖರ್ಚಲ್ಲ. ಮಕ್ಕಳಿಗಾಗಿ ಯೋಜನೆ ಬೇಕೇಬೇಕು ಎನಿಸಿದರೆ, ಹಿರಿಯರ ಕೊಠಡಿಯನ್ನು ಬೇರೆ ಬುಕಿಂಗ್ ಆಗಿ ಮಾಡಿ, ಅದರಲ್ಲಿ ಯೋಜನೆಯನ್ನು ಸೇರಿಸದೆ ಬಿಡಬಹುದು. ಪಾರ್ಕಿನೊಳಗೆ ಮನೆಯ ತಿಂಡಿಯನ್ನು ಕೊಂಡೊಯ್ಯಲು ಅವಕಾಶವಿದೆ, ಗಾಜಿನ ಪಾತ್ರೆ ಮತ್ತು ಮದ್ಯ ಸಲ್ಲದು. ಕೊಠಡಿಗಳಲ್ಲಿ ಚಿಕ್ಕ ಫ್ರಿಜ್ ಇರುತ್ತದೆ, ಒರ್ಲಾಂಡೊದಲ್ಲಿ ಭಾರತೀಯ ದಿನಸಿ ಅಂಗಡಿಗಳಿವೆ. ಚಪಾತಿ, ಚಟ್ನಿಪುಡಿ, ಮೊಸರಿನ ಡಬ್ಬಿ ಜೊತೆಗಿದ್ದರೆ ಹಿರಿಯರ ಹೊಟ್ಟೆಯೂ ನೆಮ್ಮದಿಯಾಗಿರುತ್ತದೆ.

ಸಸ್ಯಾಹಾರ ಸಿಗುವುದೇ ಇಲ್ಲ ಎಂಬ ಭಯ ಈಗ ಬೇಕಾಗಿಲ್ಲ. 2019ರಿಂದ ಡಿಸ್ನಿ ವರ್ಲ್ಡ್‌ನ ಮೆನುಗಳಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದನ್ನೂ ಬಳಸದ ಪದಾರ್ಥಗಳ ಪಕ್ಕದಲ್ಲಿ ಹಸಿರೆಲೆಯ ಗುರುತು ಹಾಕುತ್ತಿದ್ದಾರೆ. ಅನಿಮಲ್ ಕಿಂಗ್ಡಮ್ ಪಾರ್ಕಿನ ಸಾತುಲಿ ಕ್ಯಾಂಟೀನ್ ಎಂಬ ಕೌಂಟರ್ ಹೋಟೆಲಿನಲ್ಲಿ ತೋಫು ಹಾಕಿದ ಬೋಗುಣಿಯೂಟ ಸಿಗುತ್ತದೆ. ಆದರೆ ಕೌಂಟರ್‌ಗಳಲ್ಲಿ ಆಯ್ಕೆ ಒಂದೆರಡಕ್ಕೆ ಸೀಮಿತವಾಗಿರುವುದುಂಟು, ಐದು ದಿನಗಳ ಹತ್ತು ಕೌಂಟರ್ ಊಟಗಳನ್ನು ಮೊದಲೇ ಕೊಂಡವರಿಗೆ ಮೂರನೆಯ ದಿನಕ್ಕೇ ಬೇಸರ ಹತ್ತಬಹುದು. ಕೈಯಿಂದ ಹಣ ಕೊಡುವವರಿಗೆ ಆ ಸಂಜೆ ಊರೊಳಗಿನ ದೋಸೆ ಹೋಟೆಲಿಗೆ ಹೋಗಿಬರುವ ಸ್ವಾತಂತ್ರ್ಯವಿರುತ್ತದೆ, ಕ್ರೆಡಿಟ್ ಉಳಿದವರಿಗೆ ಹಾಗೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಈ ಬಂಧನಕ್ಕೆ ಡಾಲರಿನಲ್ಲಿ ಬೆಲೆ ಕಟ್ಟಲಾಗದಿದ್ದರೂ ನಾನು ಅದನ್ನು ಲಘುವಾಗಿ ಕಾಣುವುದಿಲ್ಲ.

ಎದುರು ವಾದವನ್ನೂ ನ್ಯಾಯವಾಗಿ ಹೇಳಬೇಕು. ಪ್ರತಿ ಊಟದ ಹೊತ್ತಿಗೂ ಬೆಲೆ ನೋಡಿ ಮಕ್ಕಳಿಗೆ ಬೇಡವೆನ್ನುವ ಕಷ್ಟ ಯೋಜನೆ ಕೊಂಡವರಿಗೆ ಇಲ್ಲ, ಒಟ್ಟು ಖರ್ಚು ಮನೆ ಬಿಡುವ ಮೊದಲೇ ಗೊತ್ತಿರುತ್ತದೆ. ಸ್ವಲ್ಪ ಹೆಚ್ಚು ಹಣ ಹೋದರೂ ಆ ನಿರಾಳತೆ ಬೇಕೆನ್ನುವವರ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ. ಎಷ್ಟು ಹೆಚ್ಚು ಕೊಡುತ್ತಿದ್ದೇವೆ ಎಂಬುದು ತಿಳಿದಿದ್ದರೆ ಸಾಕು. ಊಟದ ಯೋಜನೆ ಉಚಿತ ಎಂಬ ಕೊಡುಗೆಗಳು ಬಂದಾಗ ಮಾತ್ರ ಇನ್ನೊಂದು ಹೋಲಿಕೆ ಬೇಕು: ಅದೇ ದಿನಗಳಿಗೆ ಕೊಠಡಿಯ ಮೇಲೆ ರಿಯಾಯಿತಿ ಇದ್ದರೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ, ಕೊಠಡಿಯ ರಿಯಾಯಿತಿಯ ಮೊತ್ತ ನಿಮ್ಮ ನಿಜವಾದ ಊಟದ ಖರ್ಚಿಗಿಂತ ದೊಡ್ಡದಾಗಿದ್ದರೆ ಅದನ್ನೇ ಆರಿಸಿಕೊಳ್ಳಿ.

ಲೆಕ್ಕವೆಲ್ಲ ಮುಗಿದು ಯೋಜನೆಯನ್ನು ಕೊಳ್ಳುವುದೇ ಸರಿ ಎಂದಾದರೆ, ಟೇಬಲ್ ಸರ್ವಿಸ್ ಹೋಟೆಲುಗಳ ಮುಂಗಡ ಬುಕಿಂಗ್ ಅರವತ್ತು ದಿನ ಮೊದಲು ತೆರೆಯುತ್ತದೆ ಎಂಬುದನ್ನು ಗುರುತು ಹಾಕಿಕೊಂಡು ಅದೇ ದಿನ ಜಾಗ ಹಿಡಿಯಿರಿ, ಏಕೆಂದರೆ ಕ್ರೆಡಿಟ್ ಇದ್ದ ಮಾತ್ರಕ್ಕೆ ಮೇಜು ಸಿಗುವುದಿಲ್ಲ. ಅಗ್ಗದ ನೀರಿನ ಬಾಟಲಿಗೆ ತಿಂಡಿಯ ಕ್ರೆಡಿಟ್ ಕೊಡದೆ, ಹಾಲಿನ ಅಂಶವಿಲ್ಲದ ಅನಾನಸಿನ ಡೋಲ್ ವಿಪ್ ಎಂಬ ತಂಪು ಸಿಹಿಯಂಥ ಹೆಚ್ಚು ಬೆಲೆಯ ತಿನಿಸಿಗೆ ಬಳಸಿ. ಉಳಿದ ಕ್ರೆಡಿಟ್‌ಗಳ ಸಂಖ್ಯೆಯನ್ನು ಪ್ರತಿ ರಾತ್ರಿ ಫೋನಿನ ಆ್ಯಪ್‌ನಲ್ಲಿ ನೋಡಿಕೊಳ್ಳಿ, ಹೊರಡುವ ಹಿಂದಿನ ದಿನವೂ ತಿಂಡಿಯ ಕ್ರೆಡಿಟ್‌ಗಳು ಉಳಿದಿದ್ದರೆ ವಿಮಾನ ನಿಲ್ದಾಣದ ದಾರಿಗೆ ಬೇಕಾದ ಕುಕಿ, ಹಣ್ಣುಗಳನ್ನು ಅವುಗಳಿಂದಲೇ ಕೊಂಡು ಚೀಲಕ್ಕೆ ಸೇರಿಸಿಕೊಳ್ಳಿ.