‘ಇರಿ’ ಅಂದರೆ ಕೂರುವುದಾ, ಕಾಯುವುದಾ?

ವಿಶೇಷ ಶಿಕ್ಷಣ ಬಿ.ಎಡ್.ನ ಎರಡನೇ ವರ್ಷ. ಕಾಲೇಜು ಮಂಗಳೂರಿನಲ್ಲಿ, ಮನೆ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ. ಬೋಧನಾ ಅಭ್ಯಾಸವನ್ನು ಊರ ಹತ್ತಿರವೇ ಮಾಡುತ್ತೇನೆಂದು ಕಾಡಿಬೇಡಿ, ಬದಿಯಡ್ಕದಿಂದ ಒಳಗಿನ ಒಂದು ಬಡ್ಸ್ ಶಾಲೆಗೆ ಪತ್ರ ತಂದಿದ್ದೆ. ಪಂಚಾಯತು ಮತ್ತು ಕೇರಳದ ಮಹಿಳಾ ಸ್ವಸಹಾಯ ಜಾಲ ಕುಟುಂಬಶ್ರೀ ಸೇರಿ ಬೌದ್ಧಿಕ ಸವಾಲಿರುವ ಮಕ್ಕಳಿಗಾಗಿ ನಡೆಸುವ ಈ ಶಾಲೆಗಳು ನಮ್ಮ ಜಿಲ್ಲೆಯವರಿಗೆ ಗೊತ್ತು. ಅಲ್ಲಿ ನನ್ನ ಪಾಲಿಗೆ ಬಂದವನು ಒಂಬತ್ತು ವರ್ಷದ ಹುಡುಗ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಅವನ ಫೈಲಿನಲ್ಲಿ ‘ಸರಳ ಸೂಚನೆಗಳನ್ನು ಪಾಲಿಸುವುದಿಲ್ಲ’ ಎಂದು ಬರೆದಿತ್ತು.

ಎರಡು ವಾರ ನಾನೂ ಅದನ್ನೇ ನಂಬಿದ್ದೆ. ಒಂದು ಮಧ್ಯಾಹ್ನ ಕರೆದೊಯ್ಯಲು ಬಂದ ಅವನ ಅಮ್ಮ ಬಾಗಿಲಲ್ಲೇ ನಿಂತು ‘ಬಲ, ಕುಲ್ಲು’ (ಬಾ, ಕೂತುಕೋ) ಅಂದರು. ಹುಡುಗ ನೆಟ್ಟಗೆ ಬಂದು ಕುಳಿತ. ಮನೆಮಾತು ತುಳು, ನೆರೆಕರೆಯಲ್ಲಿ ಕನ್ನಡ, ಫೈಲಿನ ಆ ಸಾಲು ಬರೆಯುವ ಮೊದಲು ಅವನ ಪರೀಕ್ಷೆ ನಡೆದದ್ದು ಮಲಯಾಳದಲ್ಲಿ. ಮಲಯಾಳದಲ್ಲಿ ಮಗುವಿಗೆ ‘ಇರಿ’ ಅಂದರೆ ಕೂರು. ನಮ್ಮ ಕಡೆ ಕನ್ನಡದಲ್ಲಿ ‘ಇರಿ’ ಅಂದರೆ ಸ್ವಲ್ಪ ತಡೆಯಿರಿ. ಪರೀಕ್ಷೆಯಲ್ಲಿ ‘ಇರಿ’ ಅಂದಾಗ ಅವನು ನಿಂತೇ ಇದ್ದಿದ್ದರೆ, ಯಾರ ಸೂಚನೆಯನ್ನು ಪಾಲಿಸಿದ ಹಾಗಾಯಿತು? (ಇದು ನನ್ನ ಊಹೆ. ಪರೀಕ್ಷೆಯ ದಿನ ನಾನು ಅಲ್ಲಿರಲಿಲ್ಲ.)

ಆಮೇಲೆ ಚಿತ್ರಕಾರ್ಡುಗಳ ಕೆಲಸ ಶುರುಮಾಡಿದೆ. ಮಾತು ಬಾರದ ಮಗು ಚಿತ್ರ ತೋರಿಸಿ ತನಗೆ ಬೇಕಾದದ್ದನ್ನು ಕೇಳುವ ಕ್ರಮ ಇದು. ಕೊಂಡು ತಂದ ಕಾರ್ಡುಗಳಲ್ಲಿ ಸೇಬು, ಬ್ರೆಡ್ಡು, ಗಾಜಿನ ಲೋಟದಲ್ಲಿ ಹಾಲು. ಅವನು ಅವನ್ನು ಮೂಸಿ ನೋಡಿ ಕೆಳಗೆ ಹಾಕುತ್ತಿದ್ದ. ಅವರ ಮನೆಗೆ ಹೋಗಿ ಅವನ ಗಂಜಿ ಬಟ್ಟಲು, ಕೊಡಪಾನ, ಮಜ್ಜಿಗೆ ಕುಡಿಯುವ ಸ್ಟೀಲ್ ಲೋಟ, ಬಾಯಿ ಸ್ವಲ್ಪ ನೆಗ್ಗಿದ್ದು, ಇಷ್ಟರ ಫೋಟೋ ತೆಗೆದೆ. ಒಂದೊಂದರ ಕೆಳಗೂ ಕನ್ನಡ ಅಕ್ಷರದಲ್ಲಿ ತುಳು ಪದ ಬರೆದೆ. ಮಜ್ಜಿಗೆಗೆ ‘ಅಲೆ’. ಬೆರಳಿಟ್ಟ ಕೂಡಲೇ ವಸ್ತು ಕೈಗೆ ಸಿಗಬೇಕು, ಇಲ್ಲದಿದ್ದರೆ ಚಿತ್ರಕ್ಕೆ ಬೆಲೆಯಿಲ್ಲ. ಹಾಗಾಗಿ ದಿನಾ ಮನೆಯಿಂದ ಒಂದು ಬಾಟ್ಲಿ ಮಜ್ಜಿಗೆ ಹೊತ್ತು ಬಸ್ಸು ಹತ್ತುತ್ತಿದ್ದೆ. ಆರನೇ ದಿನ ಅವನು ಯಾರೂ ಹೇಳದೆ ನೆಗ್ಗಿದ ಲೋಟದ ಮೇಲೆ ಬೆರಳಿಟ್ಟ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನದ ಟಿಕ್ ಗುರುತು ಉಳಿದವಕ್ಕಿಂತ ದೊಡ್ಡದಿದೆ.

ಈ ಕೆಲಸದ ಬಗ್ಗೆ ಬರೆದು ಮಲೇಷ್ಯಾದ ಕ್ವಾಲಾಲಂಪುರದ ಸಮ್ಮೇಳನಕ್ಕೆ ಕಳಿಸು ಎಂದದ್ದು ನಮ್ಮ ಮಾರ್ಗದರ್ಶಿ ಮೇಡಂ. 250 ಪದಗಳ ಸಾರಾಂಶ. ನಾನು ಬರೆದ ಮೊದಲ ಪ್ರತಿಯಲ್ಲಿ ಅರ್ಧಕ್ಕರ್ಧ ‘ಸಪ್ತಭಾಷಾ ಸಂಗಮಭೂಮಿ’ ಕಾಸರಗೋಡಿನ ವರ್ಣನೆ. ಮೇಡಂ ಕೆಂಪು ಪೆನ್ನಿನಲ್ಲಿ ಎಲ್ಲ ಹೊಡೆದು, “ಹುಡುಗ ಎಲ್ಲಿ?” ಎಂದು ಬರೆದರು. ‘ಇರಿ’ ಕಥೆಯನ್ನೂ ತೆಗೆಸಿದರು. “ಕಥೆ ಚೆಂದ ಉಂಟು ಮಾರಾಯ್ತಿ, ಪುರಾವೆ ಇಲ್ಲ.” ಬೇಜಾರಾಯಿತು. ಈಗ ನೋಡಿದರೆ ಅವರು ಹೇಳಿದ್ದೇ ಸರಿ. ಉಳಿದದ್ದು ಇಷ್ಟು: ಕಾರ್ಡು ಕೊಡುವ ಮೊದಲು ದಿನಕ್ಕೆ ಎಷ್ಟು ಸಲ ತಾನಾಗಿ ಕೇಳಿದ, ಅಂಗಡಿ ಕಾರ್ಡು ಕೊಟ್ಟಾಗ ಎಷ್ಟು, ಮನೆ ಕಾರ್ಡು ಕೊಟ್ಟಾಗ ಎಷ್ಟು. ಒಬ್ಬನೇ ಹುಡುಗ, ಮೂರು ಹಂತ, ಒಂದು ನಕ್ಷೆ (ಗ್ರಾಫ್). ಭಾಷಣಕ್ಕೆ ಧೈರ್ಯವಿರಲಿಲ್ಲ, ಪೋಸ್ಟರ್ ಎಂದು ಟಿಕ್ ಹಾಕಿದೆ. ನನ್ನಂಥ ಬೇರೆ ವಿದ್ಯಾರ್ಥಿಗಳಿಗೆ ನಾನು ಹೇಳುವುದೂ ಅದನ್ನೇ: ವೇದಿಕೆಯಲ್ಲಿ ನಾವು ಹೇಳಿ ಇಳಿಯುತ್ತೇವೆ, ಪೋಸ್ಟರಿನ ಮುಂದೆ ಜನ ನಿಂತು ಮಾತಾಡುತ್ತಾರೆ.

ಹುಡುಗನ ವಿಷಯ ಪೋಸ್ಟರಿನಲ್ಲಿ ಹಾಕಲು ಮನೆಯವರು ಸಹಿ ಮಾಡಬೇಕಾದ ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ತೆಗೆದುಕೊಂಡು ಹೋದೆ. ಅವನ ಅಮ್ಮನಿಗೆ ಓದಲು ಬರುವುದಿಲ್ಲ ಎಂದು ತಿಳಿದದ್ದು ಕಾಗದ ಕೈಗೆ ಕೊಟ್ಟ ಮೇಲೆ. ನನಗೇ ನಾಚಿಕೆಯಾಯಿತು. ಜಗಲಿಯಲ್ಲಿ ಕೂತು ಸಾಲುಸಾಲಾಗಿ ತುಳುವಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ, ಅವನ ಪಟ ಹಾಕುತ್ತೀರಾ ಎಂದು. ಇಲ್ಲ ಎಂದೆ. ಹೆಸರೂ ಇಲ್ಲ, ಮುಖವೂ ಇಲ್ಲ, ಲೋಟ ಮಾತ್ರ.

ಪೋಸ್ಟರಿನ ಅಳತೆ ಎ0, 841 ಮಿಲಿಮೀಟರ್ ಅಗಲ, 1189 ಉದ್ದ. ಕಾಸರಗೋಡಿನ ಬ್ಯಾನರ್ ಅಂಗಡಿಯವನಿಗೆ ಅದು ಹೆಚ್ಚುಕಡಿಮೆ ಮೂರಡಿಗೆ ನಾಲ್ಕಡಿ. “ಮದುವೆಯಾ, ಕಳಿಯಾಟವಾ?” ಎಂದು ಕೇಳಿ, ನಾನು ತಡೆಯುವಷ್ಟರಲ್ಲಿ ಸುತ್ತ ಹೂವಿನ ಅಂಚು ಹಾಕಿಯೇಬಿಟ್ಟಿದ್ದ. ಅಂಚು ತೆಗೆಸಿದೆ. ಕೇರಳದಲ್ಲಿ ಫ್ಲೆಕ್ಸಿಗೆ ನಿಷೇಧವಿರುವುದರಿಂದ ಬಟ್ಟೆಯ ಮೇಲೆಯೇ ಮುದ್ರಿಸುತ್ತಾರೆ, ನನಗೆ ಅದೇ ವರವಾಯಿತು. ಉಳಿದವರೆಲ್ಲ ವಿಮಾನದಲ್ಲಿ ಉದ್ದದ ಕೊಳವೆ ಹೊತ್ತು ಪರದಾಡುವಾಗ ನನ್ನದು ಸೀರೆಯ ಹಾಗೆ ಮಡಚಿ ಕೈಚೀಲದೊಳಗೆ.

ಪಾಸ್‌ಪೋರ್ಟ್ ಇರಲಿಲ್ಲ, ಅದೇ ಎಲ್ಲಕ್ಕಿಂತ ತಡವಾದದ್ದು. ಸಾರಾಂಶ ಕಳಿಸುವ ದಿನವೇ ಅದಕ್ಕೂ ಅರ್ಜಿ ಹಾಕಿ. ಮಲೇಷ್ಯಾಕ್ಕೆ ಭಾರತೀಯರಿಗೆ 2023ರ ಡಿಸೆಂಬರಿನಿಂದ 30 ದಿನದವರೆಗೆ ವೀಸಾ ಬೇಡವಾದದ್ದು ನನ್ನ ಅದೃಷ್ಟ. ಅಲ್ಲಿ ತಲುಪುವ ಮೊದಲಿನ ಮೂರು ದಿನದೊಳಗೆ ಅವರ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿದರೆ ಆಯಿತು. ದುಡ್ಡಿನ ವಿಷಯ ಬೇಡ. ಚಿನ್ನದ ಬಳೆ ಎರಡು ಬ್ಯಾಂಕಿಗೆ ಹೋದವು. ಕಾಸರಗೋಡಿನಿಂದ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಆಲುವಾ, ಅಲ್ಲಿಂದ ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ.

ಹೋಟೆಲಿನ ಕೋಣೆಯಲ್ಲಿಟ್ಟ ನೀರಿನ ಬಾಟ್ಲಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಏರ್’ ಎಂದಿತ್ತು. ಗಾಳಿಯನ್ನು ಯಾಕೆ ಬಾಟ್ಲಿಯಲ್ಲಿ ತುಂಬಿದರೋ ಎಂದುಕೊಂಡೆ. ಮಲಯ್ ಭಾಷೆಯಲ್ಲಿ ಅದನ್ನು ‘ಆಯೆರ್’ ಎಂದು ಓದುವುದಂತೆ, ಅಂದರೆ ನೀರು. ಆಗ ಯಾರಾದರೂ ನನ್ನ ಬುದ್ಧಿಮಟ್ಟ ಅಳೆಯಲು ಬಂದಿದ್ದರೆ ಫೈಲಿನಲ್ಲಿ ಏನು ಬರೆಯುತ್ತಿದ್ದರೋ.

ಮರುದಿನ ಪೋಸ್ಟರಿನ ಮುಂದೆ ಮೊದಲ ಅರ್ಧ ಗಂಟೆ ಯಾರೂ ನಿಲ್ಲಲಿಲ್ಲ. ಆಮೇಲೆ ಬಂದವರೊಬ್ಬರು ಗಂಭೀರವಾಗಿ, ಒಬ್ಬನೇ ಮಗುವಿನಿಂದ ಏನು ಸಾಬೀತಾಗುತ್ತದೆ ಎಂದರು. ಬೇರೆ ಮಕ್ಕಳ ಬಗ್ಗೆ ಏನೂ ಸಾಬೀತಾಗುವುದಿಲ್ಲ, ಇವನ ಫೈಲಿನ ಆ ಒಂದು ಸಾಲನ್ನು ಮತ್ತೆ ನೋಡಬೇಕು ಎಂಬುದಷ್ಟೇ ನನ್ನ ವಾದ ಎಂದೆ. ನನ್ನ ಇಂಗ್ಲಿಷಿಗೆ ಅಷ್ಟು ಹೇಳುವುದೇ ಹೆಚ್ಚು. ಅವರು ತಲೆಯಾಡಿಸಿ ನಕ್ಷೆಯ, ಲೋಟದ ಫೋಟೋ ತೆಗೆದುಕೊಂಡರು.

ಪಕ್ಕದಲ್ಲಿದ್ದ ಮಲೇಷ್ಯಾದ ತಮಿಳು ಟೀಚರಿಗೆ, ಮೇಡಂ ಕ್ಷಮಿಸಲಿ, ‘ಇರಿ’ ಕಥೆ ಹೇಳಿಯೇಬಿಟ್ಟೆ. ಅವರು ಜೋರಾಗಿ ನಕ್ಕರು. ತಮಿಳಿನಲ್ಲಿಯೂ ‘ಇರು’ ಅಂದರೆ ತಡೆ, ಕಾಯಿ. ಮನೆಯಲ್ಲಿ ತಮಿಳು, ತರಗತಿಯಲ್ಲಿ ಮಲಯ್ ಇರುವ ಮಕ್ಕಳು ಅವರ ಬಳಿ ಇದ್ದಾರಂತೆ. ಅವರ ತಮಿಳು, ನನ್ನ ಮಲಯಾಳ ಸೇರಿಸಿ ಒಂದು ಗಂಟೆ ಮಾತಾಡಿದೆವು. ಸಂಜೆ ಅವರೇ ಬ್ರಿಕ್‌ಫೀಲ್ಡ್ಸಿಗೆ ಕರೆದೊಯ್ದರು. ದೃಷ್ಟಿಯಿಲ್ಲದವರು ಹಲವರು ವಾಸಿಸುವ ಬಡಾವಣೆ, ಮಲೇಷ್ಯಾದ ಅಂಧರ ಸಂಘದ ಕಟ್ಟಡವೂ ಅಲ್ಲೇ. ಕಾಲುದಾರಿಯಲ್ಲಿ ಕೋಲಿಗೆ, ಪಾದಕ್ಕೆ ತಿಳಿಯುವಂಥ ಉಬ್ಬುಗೆರೆಯ ಹಳದಿ ಹಾಸು. ಪುಸ್ತಕದಲ್ಲಿ ಅದನ್ನು ಐದು ಅಂಕದ ಉತ್ತರವಾಗಿ ಬರೆದಿದ್ದೆ. ಚಪ್ಪಲಿ ಕಳಚಿ, ಕಣ್ಣು ಮುಚ್ಚಿ ಇಪ್ಪತ್ತು ಹೆಜ್ಜೆ ನಡೆದೆ. ಇಪ್ಪತ್ತೊಂದನೆಯದಕ್ಕೆ ಅದರ ಮೇಲೆ ನಿಲ್ಲಿಸಿದ್ದ ಬೈಕು ಸಿಕ್ಕಿತು. ಊರು ನೆನಪಾಯಿತು.

ವಾಪಸು ಬಂದ ವಾರ ಹುಡುಗನ ಮನೆಗೆ ಹೋಗಿ ಬಟ್ಟೆ ಪೋಸ್ಟರು ಬಿಡಿಸಿ ತೋರಿಸಿದೆ. ಪರದೇಶದವರು ನಿಮ್ಮ ಲೋಟದ ಫೋಟೋ ಹಿಡಿದರು ಎಂದೆ. ಅಮ್ಮ ನೆಗ್ಗಿದ್ದನ್ನೇ ಯಾಕೆ ಹಾಕಿದಿರಿ ಟೀಚರೇ ಎಂದು ಬೈದರು. ಆಮೇಲೆ, “ಇತ್ತೆ ಆಯಗ್ ಅಲೆ ಬೊಡ್ಚಿ, ಚಾ ಬೋಡು” ಅಂದರು. ಈಗ ಅವನಿಗೆ ಮಜ್ಜಿಗೆ ಬೇಡವಂತೆ, ಚಹಾ ಬೇಕಂತೆ. ಚಹಾದ ಕಾರ್ಡು ನಾನು ಮಾಡಿಯೇ ಇರಲಿಲ್ಲ. ಫೋನು ತೆಗೆದು, ಅವನು ಚಹಾ ಕುಡಿಯುವುದು ಯಾವ ಲೋಟದಲ್ಲಿ ಎಂದು ಕೇಳಿದೆ.