ಮಾರ್ಮನ್ ಇತಿಹಾಸದ ತಕರಾರು ವಿಷಯ, ಸ್ನೇಹ ಕೆಡದ ಹಾಗೆ ಮಾತಾಡೋದು ಹೇಗೆ

ತಂಗಿ ಮಗ ಸಾಲ್ಟ್ ಲೇಕ್ ಸಿಟಿಲಿ ಕೆಲಸದಲ್ಲಿದಾನೆ, ದೀಪಾವಳಿಗೆ ಶಿರಸಿಗೆ ಬಂದವ ಜಗಲಿ ಮೇಲೆ ಕವಳ ಹಾಕ್ತಾ ಕೂತಾಗ ಕೇಳ್ದ, ಮಾವಾ, ನನ್ನ ಗೆಳೆಯ ಮಾರ್ಮನ್, ಅವರ ಚರ್ಚಿನ ಹಳೇ ಕಥೆ ಬಂತು ಅಂದ್ರೆ ಇಬ್ಬರಿಗೂ ಜಗಳ ಆಗ್ತದೆ, ಏನ್ ಮಾಡ್ಲಿ ಅಂತ. ಮಾರ್ಮನ್ ಅಂದ್ರೆ ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಅನ್ನೋರು ಶುರು ಮಾಡಿದ ಚರ್ಚಿನವರು. ನಾನೂ ಕೂತು ಓದಿದೆ, ಅವನಿಗೆ ಹೇಳಿದ್ದೇ ಇಲ್ಲಿ ಬರೀತಿದೀನಿ.

ಮೊದ್ಲು ಘಟನೆ ನಡೆದ ವರ್ಷ, ಅದನ್ನ ಬರೆದಿಟ್ಟ ವರ್ಷ ಎರಡೂ ಬೇರೆ ಬೇರೆ ಬರ್ಕೊಳ್ಳಿ. ಜೋಸೆಫ್ ಸ್ಮಿತ್‌ಗೆ ದೇವರ ದರ್ಶನ ಆಗಿದ್ದು 1820ರಲ್ಲಿ ಅಂತ ನಂಬ್ತಾರೆ, ಆದ್ರೆ ಅವರು ಅದನ್ನ ಬರೆದದ್ದು 1832ರಲ್ಲಿ, ಆಮೇಲೆ 1835, 1838, 1842ರಲ್ಲೂ ಹೇಳಿದಾರೆ. 1832ರದ್ರಲ್ಲಿ ಪ್ರಭುವನ್ನ ಕಂಡೆ ಅಂತಿದೆ, 1838ರದ್ರಲ್ಲಿ ತಂದೆ, ಮಗ ಇಬ್ಬರೂ ಬರ್ತಾರೆ. ಟೀಕೆ ಮಾಡೋರು ಕಥೆ ಬೆಳೀತು ಅಂತಾರೆ, ನಂಬೋರು ಒಂದೇ ಅನುಭವಕ್ಕೆ ಬೇರೆ ಬೇರೆ ಒತ್ತು ಅಂತಾರೆ. ಎರಡೂ ಬರಹ ಜೋಸೆಫ್ ಸ್ಮಿತ್ ಪೇಪರ್ಸ್ ಅನ್ನೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗ್ತದೆ, ಗೆಳೆಯನ ಜೊತೆಗೇ ಕೂತು ಓದಿ. ನಮ್ಮಲ್ಲೂ ಮಯೂರವರ್ಮ ಅಹಿಚ್ಛತ್ರದಿಂದ ನಮ್ಮ ಹಿರಿಯರನ್ನ ಕರ್ಕೊಂಡು ಬಂದ ಅಂತಾರೆ, ತಾಳಗುಂದದ ಕಂಬದ ಶಾಸನದಲ್ಲಿ ಇರೋದು ಅವನು ಕಂಚಿಗೆ ಓದೋಕೆ ಹೋದ ಕಥೆ. ಇದನ್ನ ಯಾರಾದ್ರೂ ನಮಗೆ ಒರಟಾಗಿ ಹೇಳಿದ್ರೆ ಹೆಂಗನಿಸ್ತದೆ ಅಂತ ಒಂದ್ಸಲ ಯೋಚ್ನೆ ಮಾಡಿ.

ಇನ್ನು ಅಪಾಲಜೆಟಿಕ್ಸ್, ಅಂದ್ರೆ ನಂಬಿಕೆ ಪರ ನಿಂತು ವಾದ ಮಾಡೋದು. ತಾಳಮದ್ದಲೆ ಕೇಳಿದವರಿಗೆ ಇದು ಬೇಗ ತಿಳೀತದೆ. ರಾಮನ ಅರ್ಥ ಹೇಳೋರು ವಾಲಿಗೆ ಮರೆಯಿಂದ ಬಾಣ ಬಿಟ್ಟಿದ್ದನ್ನ ಸಮರ್ಥನೆ ಮಾಡ್ಲೇಬೇಕು, ಎಷ್ಟೋ ಸಲ ನಮಗೆ ಹೊಳೆಯದ ಮಾತು ಅವರ ಬಾಯಲ್ಲೇ ಬರ್ತದೆ, ಹಂಗಂತ ಕೇಳೋಕೆ ಕೂತವರು ವಾಲಿ ಮಾತು ಬಿಡೋದಿಲ್ಲ. ಸಮರ್ಥಕರ ಮಾತನ್ನ ಪೂರ್ತಿ ಕೇಳಿ, ಆಮೇಲೆ ಒಂದೇ ಪ್ರಶ್ನೆ ಕೇಳಿ, ಇದು ಹೀಗೇ ಆಯ್ತು ಅಂತ ತೋರಿಸ್ತದಾ, ಇಲ್ಲಾ ಹೀಗೂ ಆಗಿರಬಹುದು ಅಂತ ಅಷ್ಟೇನಾ?

ಅಬ್ರಹಾಮನ ಪುಸ್ತಕ ತಗೊಳ್ಳಿ, ಬೈಬಲ್ಲಿನ ಅಬ್ರಹಾಮನ ಹೆಸರಲ್ಲಿರೋ ಮಾರ್ಮನ್ನರ ಧರ್ಮಗ್ರಂಥ ಅದು. 1835ರಲ್ಲಿ ಈಜಿಪ್ಟಿನ ಪಪೈರಸ್ ಸುರುಳಿ ಕೊಂಡು ಜೋಸೆಫ್ ಅದನ್ನ ಅನುವಾದ ಮಾಡಿದೆ ಅಂದ್ರು. ಸುರುಳಿ ಷಿಕಾಗೋ ಬೆಂಕಿಲಿ ಹೋಯ್ತು ಅಂದ್ಕೊಂಡಿದ್ರು, ಕೆಲವು ತುಂಡು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕಿ 1967ರಲ್ಲಿ ಚರ್ಚಿಗೆ ಬಂತು. ಓದಿ ನೋಡಿದ್ರೆ ಸತ್ತವರ ಜೊತೆ ಇಡೋ ಮಂತ್ರಗಳು, ಅಬ್ರಹಾಮ ಇಲ್ಲ. ಮೂಲ ಭಾಗ ಕಳೆದೋಯ್ತು ಅಂತ ಕೆಲವರು, ಸುರುಳಿ ಬರೀ ಪ್ರೇರಣೆ, ಪುಸ್ತಕ ದೇವರು ತಿಳಿಸಿದ್ದು ಅಂತ ಇನ್ನು ಕೆಲವರು. ಎರಡನೇ ವಾದವನ್ನ ಇತಿಹಾಸದಿಂದ ಸುಳ್ಳು ಅನ್ನೋಕೂ ಆಗೋದಿಲ್ಲ, ನಿಜ ಅನ್ನೋಕೂ ಆಗೋದಿಲ್ಲ, ಅದು ನಂಬಿಕೆಯ ಜಾಗ, ಅಲ್ಲಿಗೆ ಬಂದಾಗ ವಾದ ನಿಲ್ಲಿಸಿ. ತುಂಡು ಮತ್ತು ಪುಸ್ತಕ ಹೊಂದೋದಿಲ್ಲ ಅಂತ ಮಾತ್ರ ಚರ್ಚೇ ಒಪ್ಪಿದೆ.

ಟೀಕೆ ಮಾಡೋರಿಗೂ ಇದೇ ಅಳತೆ. ಮಾರ್ಕ್ ಹಾಫ್‌ಮನ್ ಅನ್ನೋನು ಚರ್ಚಿನ ಮೊದಲ ಕಾಲದ ಹಳೇ ಪತ್ರ ಅಂತ ನಕಲಿ ಮಾಡಿ ಮಾರ್ದ, ಚರ್ಚೂ ಕೊಂಡಿತು, ಪಂಡಿತರೂ ಮೋಸ ಹೋದ್ರು, ಗುಟ್ಟು ಬಯಲಾಗ್ತದೆ ಅಂತ 1985ರಲ್ಲಿ ಬಾಂಬ್ ಇಟ್ಟು ಇಬ್ಬರನ್ನ ಕೊಂದ. ನಿಮ್ಮ ವಾದಕ್ಕೆ ಸರೀ ಕೂಡೋ ಕಾಗದ ಸಿಕ್ರೆ ಅದನ್ನೇ ಹೆಚ್ಚು ಪರೀಕ್ಷೆ ಮಾಡಿ.

ಹಿಂದೆ ಮಾರ್ಮನ್ನರಲ್ಲಿದ್ದ ಬಹುಪತ್ನಿತ್ವದ ವಿಷಯ ಊಟದ ಹೊತ್ತಲ್ಲಿ ನೀವಾಗಿ ತೆಗೀಬೇಡಿ, ಸಾಲ್ಟ್ ಲೇಕ್ ಸಿಟಿ ಇರೋ ಯೂಟಾ ರಾಜ್ಯದ ಎಷ್ಟೋ ಮನೆಗಳಲ್ಲಿ ಅದು ಅವರ ಮುತ್ತಜ್ಜಿಯ ಬದುಕು. ಅವರೇ ಎತ್ತಿದ್ರೆ 2014ರಲ್ಲಿ ಚರ್ಚೇ ಹಾಕಿದ ಬರಹದಿಂದ ಶುರು ಮಾಡಿ, ಜೋಸೆಫ್‌ಗೆ 30ರಿಂದ 40 ಹೆಂಡತಿಯರು ಅನ್ನೋ ಅಂದಾಜು ಅದ್ರಲ್ಲೇ ಇದೆ.